ಕೋಳಿ ನೀನು ತಗೋ

ಹಾಸನದ ಪೆನ್ಷನ್ ಮೊಹಲ್ಲಾ, ಹಿಟ್ಟಿನ ಗಿರಣಿಯ ಪಕ್ಕ
ರುದ್ರಯ್ಯನವರ ಗೇಮಿನ ಅಂಗಡಿ.
ಎರಡು ಟಿವಿ, ಒಂದು ಫ್ಯಾನು, ಗಂಟೆಗೆ ಹತ್ತು ರೂಪಾಯಿ.
ಗಿರಣಿ ತಿರುಗಿದಾಗೆಲ್ಲ ಪರದೆಯ ಮೇಲೆ ರಾಗಿಹಿಟ್ಟು ಕೂರುತ್ತಿತ್ತು;
ಅಂಗೈಯಲ್ಲಿ ಒರೆಸಿ ಹೊಡೆದಾಡುತ್ತಿದ್ದೆವು
ನಾನು ಮತ್ತು ಜೋವಿಟಾ.

ಮಾತು ಬಿಟ್ಟು ಎರಡು ವರ್ಷವಾಗಿತ್ತು.
ಕಾರಣ ಹೇಳಿದರೆ ನಗುತ್ತೀರಿ:
ಎಂಟನೇ ಕ್ಲಾಸಿನ ಭೂಪಟ, ಚೆಲ್ಲಿದ ಇಂಕು,
ತಗುಲಿದ್ದು ಯಾರ ಮೊಣಕೈ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.
ಟ್ಯೂಷನ್ ಮುಗಿಸಿ ಬಂದು, ಒಂದೇ ಬೆಂಚಿನ ಎರಡು ತುದಿಗೆ ಕೂತು,
ಐದೈದು ರೂಪಾಯಿ ಹಾಕಿ,
ಮುಖ ಮುಖ ನೋಡದೆ
ಟಿವಿಯೊಳಗೆ ಒಬ್ಬರ ಹಲ್ಲು ಒಬ್ಬರು ಉದುರಿಸುತ್ತಿದ್ದೆವು.
ಅವಳದು ಬಲೆ ಬೀಸುವ ಬೋಳುತಲೆಯವನು.
ನನ್ನದು ಒನಕೆಯಂಥದ್ದೇನೋ ಹಿಡಿದ ಜಡೆಯವಳು.
ಒಬ್ಬರು ಬಿದ್ದರೆ ಒಬ್ಬರು ಗೆದ್ದಂತೆ.
ಅಷ್ಟು ಸಲೀಸು.

ದಸರಾ ರಜೆಯಲ್ಲಿ ರುದ್ರಯ್ಯ ಹೊಸ ಸಿಡಿ ತಂದರು.
ಕವರಿನ ಮೇಲೆ ಅದೇ ಬೋಳುತಲೆ, ಅದೇ ಜಡೆ.
ಆಟ ಶುರುವಾದರೆ ಅಖಾಡವಿಲ್ಲ, ಗಡಿಯಾರವಿಲ್ಲ,
ಬರೀ ರಸ್ತೆ.
ಇಬ್ಬರೂ ಬಲಕ್ಕೆ ಮುಖ ಮಾಡಿ ನಿಂತಿದ್ದಾರೆ.
ಎರಡು ವರ್ಷ ಹೊಡೆದವನ ಬೆನ್ನು
ನಾನು ನೋಡಿದ್ದು ಅವತ್ತೇ ಮೊದಲು.
ಅಂಗಿಗೆ ಒಂದು ತೇಪೆ ಇತ್ತು.

ಕೈಗೆ ಅಭ್ಯಾಸ; ಮೊದಲ ಏಟು ಅವನಿಗೇ ಹಾಕಿದೆ.
ಜೋವಿಟಾ ತಿರುಗಿಸಿ ಕೊಟ್ಟಳು.
ನಾವು ಹೀಗೆ ಗುದ್ದಾಡುತ್ತಿರುವಾಗ
ಹಿಂದಿನಿಂದ ಹದಿನೈದು ಜನ ಬಂದು ಇಬ್ಬರನ್ನೂ ಮುಗಿಸಿದರು.
ಎರಡನೇ ಸಲವೂ ಹಾಗೇ.
ಮೂರನೇ ಸಲ ನಾನೊಬ್ಬಳೇ ಓಡಿದೆ.
ಪರದೆಯ ಅಂಚಿನಲ್ಲಿ ಕಾಲು ಆಡುತ್ತಿತ್ತು,
ರಸ್ತೆ ಸರಿಯಲಿಲ್ಲ.
"ಅವಳೂ ಬರಬೇಕು ಕಣಮ್ಮ, ಆಮೇಲೇ ಅದು ಸರಿಯೋದು"
ಅಂದರು ರುದ್ರಯ್ಯ, ಬೀಡಿ ಕಟ್ಟಿನ ದಾರ ಬಿಚ್ಚುತ್ತಾ.

"ಬಾ" ಅಂದೆ.
ಬೋಳುತಲೆಗೆ ಅಂದದ್ದು ಎಂದು ಸಾಧಿಸಬಹುದಿತ್ತು, ಬೇಕಿದ್ದರೆ.

ಆಮೇಲೆ ಕೆಲಸಕ್ಕೆ ಬೇಕಾದ ಮಾತಷ್ಟೇ:
ಹಿಂದೆ ನೋಡು. ಕೊಡಲಿಯವನು ನಿನಗೆ, ಬಿಲ್ಲಿನವನು ನನಗೆ.
ಬಿದ್ದಿದೀನಿ, ಎಬ್ಬಿಸು.
ಬಿದ್ದವರ ಪಕ್ಕ ಮಂಡಿಯೂರಿ ಗುಂಡಿ ಒತ್ತಿ ಹಿಡಿಯಬೇಕು;
ಅವರು ಏಳುವ ತನಕ
ನಮ್ಮ ಬೆನ್ನಿಗೆ ಏಟು ಬೀಳುತ್ತಲೇ ಇರುತ್ತದೆ.

ತೊಡಕು ಬಂದದ್ದು ಪೀಪಾಯಿಯಲ್ಲಿ.
ಒಡೆದರೆ ಒಳಗೆ ತಟ್ಟೆ ಸಮೇತ ಸುಟ್ಟ ಕೋಳಿ.
ತಿಂದವರಿಗೆ ಪ್ರಾಣ ತುಂಬುತ್ತದೆ.
ನನ್ನ ಹೆಸರು ಜ್ವಾಲಾಮಾಲಿನಿ.
ನಮ್ಮದು ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ,
ಹಾಸನದಲ್ಲಿದ್ದೂ ಆಲೂಗಡ್ಡೆ ತಿನ್ನದ ಮನೆ.
"ಕೋಳಿ ನೀನು ತಗೋ."
"ನಿನ್ನ ಗೆರೆ ಕೆಂಪಗಾಗಿದೆ, ನೀನೇ ತಗೋ."
"ಬೇಡ."
"ಬರೀ ಬಣ್ಣ ಕಣೇ ಅದು!"
"ಬೇಡ ಅಂದೆನಲ್ಲ."
ಅಷ್ಟು ಹೊತ್ತಿಗೆ ಇನ್ನೂರು ಜನರ ಪಕ್ಕೆಲುಬು ಮುರಿದಿದ್ದೆ,
ಒಂದು ಕುದುರೆಯನ್ನೂ ಬಿಟ್ಟಿರಲಿಲ್ಲ.
ಜೋವಿಟಾ ನಕ್ಕಳು. ನಕ್ಕು ನಕ್ಕು ಜಾಯ್‌ಸ್ಟಿಕ್ಕು ಜಾರಿ
ಅವಳ ಬೋಳುತಲೆ ಸೇತುವೆಯಿಂದ ಹೊಳೆಗೆ ಬಿದ್ದ.

ಆಟ ಉಳಿಸಿಡುವ ಕಾರ್ಡು ಅಂಗಡಿಯಲ್ಲಿರಲಿಲ್ಲ.
ದಿನಾ ಮೊದಲಿನಿಂದ, ಅದೇ ರಸ್ತೆ, ಅದೇ ಹದಿನೈದು ಜನ.
ಮರುದಿನದಿಂದ ಪೀಪಾಯಿಗಳನ್ನೆಲ್ಲ ಜೋವಿಟಾಳೇ ಒಡೆದಳು.
ಕೋಳಿ ಬಂದರೆ ತಿಂದಳು.
ಸೇಬು ಬಂದರೆ ಮುಟ್ಟದೆ ದಾಟಿದಳು,
ತನ್ನ ಗೆರೆ ಕೂದಲೆಳೆಯಷ್ಟಿದ್ದ ದಿನವೂ.
ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಕೊನೆಗೊಂದು ಸಂಜೆ ಕೋಟೆಯ ಬಾಗಿಲು ಕಂಡಿತು. ಕರೆಂಟು ಹೋಯಿತು.
ಗಿರಣಿಯ ಬೆಲ್ಟು ಸುಮ್ಮನೆ ನಾಲ್ಕು ಸುತ್ತು ತಿರುಗಿ ನಿಂತಿತು.
ಕತ್ತಲಲ್ಲಿ ಇಬ್ಬರೂ ಇನ್ನೂ ಗುಂಡಿ ಒತ್ತುತ್ತಿದ್ದೆವು,
ಟಕ್ ಟಕ್ ಕೇಳುತ್ತಿತ್ತು.

ಸಾಲಗಾಮೆ ರಸ್ತೆಯಲ್ಲಿ ಒಂದು ದೀಪವಿಲ್ಲ.
ಜೋವಿಟಾಳ ಚಪ್ಪಲಿಯ ಪಟ್ಟಿ ಕಿತ್ತು ಬಂತು;
ಹಲ್ಲಲ್ಲಿ ಪಿನ್ನು ಕಚ್ಚಿಕೊಂಡು ಬಗ್ಗಿದಳು.
"ನೀನು ನಡಿ, ನಿಮ್ಮನೇಲಿ ಊಟದ ಹೊತ್ತು."
ಹೊತ್ತು ಆಗಲೇ ಮುಳುಗಿತ್ತು, ಇನ್ನು ಊಟ ನಾಳೆಗೇ.
ನಾನು ನಾಲ್ಕು ಹೆಜ್ಜೆ ಮುಂದಿದ್ದೆ.
ನಿಂತೆ.
ರಸ್ತೆ ಸರಿಯಲಿಲ್ಲ.