ಸೌಟಿನ ಸರದಿ

ಮರದ ಸೌಟು ಯಾರ ಕೈಲಿದೆಯೋ ಮಾತು ಅವರದು.
ವಾಲ್ಪರೈಸೊದ ನಮ್ಮ ಗುಡ್ಡದ ಮೆಟ್ಟಿಲ ಮೇಲೆ
ಒಂದೇ ದನಿಯಲ್ಲಿ ಪಾಸಾದ ನಿಯಮ ಇದೊಂದೇ.
ಮಿಕ್ಕದ್ದಕ್ಕೆಲ್ಲ ತಲೆಗೊಂದು ತಕರಾರು.

ಅಕ್ಟೋಬರಿನಲ್ಲಿ ಇದೇ ಸೌಟು
ಮುದುಕಿ ಎಡುವಿಹಿಸಳ ಖಾಲಿ ಪಾತ್ರೆ ಬಡಿದೂ ಬಡಿದೂ
ತುದಿ ಸೀಳಿಕೊಂಡಿತ್ತು.
ಈಗ ಸೀಳಿಗೆ ನೀಲಿ ದಾರ ಸುತ್ತಿದೆ,
ಕೈಯಿಂದ ಕೈಗೆ ದಾಟುತ್ತಿದೆ.

ನಾನು ಬರೆದುಕೊಳ್ಳುವವನು.
ಹಗಲೆಲ್ಲ ಮೀನಿನ ತೂಕ ಬರೆಯುವ ಕೈ;
ಅಕ್ಷರ ದುಂಡಗಿದೆಯೆಂದು ದಫ್ತರ ನನ್ನ ತಲೆಗೇ ಬಿತ್ತು.

ಮೊದಲ ಸಂಜೆ ಬರೆದೆ: ನೀರು.
ಹದಿನೇಳರ ಯಾನಾರಾ ಹೆಗಲ ಮೇಲಿಂದ ಇಣುಕಿ,
ಬರೀ ನೀರಲ್ಲ ಮಾಮ, ‘ನೀರು ಯಾರದು’ ಅಂತ ಬರಿ, ಎಂದಳು.
ಬರೆದೆ. ಪುಟ ಭಾರವಾಯಿತು.

ಬೆಲಿಸಾರಿಯೋ, ಬಂದರಿನಲ್ಲಿ ನಲವತ್ತು ವರ್ಷ ಕ್ರೇನು ನಡೆಸಿದವ,
ಪಿಂಚಣಿ, ಎಂದ;
ಸೌಟನ್ನು ಎದೆಗೊತ್ತಿ ನಿಂತ, ನಿಂತೇ ಇದ್ದ.
ಯಾರೂ ಅವಸರಪಡಿಸಲಿಲ್ಲ.
ಕೆಳಗೆ ಕೊಲ್ಲಿಯಲ್ಲಿ ಹಡಗೊಂದು ದೀಪ ಹೊತ್ತಿಸಿಕೊಂಡು ಸರಿದುಹೋಯಿತು.
ದಫ್ತರದಲ್ಲಿ ಹೀಗಿದೆ:
‘ಬೆಲಿಸಾರಿಯೋ ಕಾತ್ರಿಲೆಯೋ. ನಾಲ್ಕು ನಿಮಿಷ ಮೌನ.
ಸಭೆ ಒಪ್ಪಿತು.’

ಎಡ ಮರಳಿ ಬಂತು ಎಂದು ಪೇಪರಿನವರು ಬರೆದರು.
ಹೋಗಿದ್ದಾದರೂ ಎಲ್ಲಿಗೆ? ಎಡುವಿಹಿಸ್ ಕೇಳಿದಳು.
ನಲವತ್ತಾರು ವರ್ಷ ನನ್ನ ಹಿಟ್ಟಿನ ಡಬ್ಬಿಯ ತಳದಲ್ಲಿತ್ತು,
ಗಂಡನ ಯೂನಿಯನ್ ಚೀಟಿ,
ಮಡಿಕೆ ಮಡಿಕೆಯಲ್ಲಿ ಹರಿದು.

ಗುಡ್ಡಕ್ಕೊಂದು ದಫ್ತರ,
ಎಲ್ಲ ಸೇರಿದರೆ ಹೊಸ ಸಂವಿಧಾನ ಎಂದರು.
ನಂಬಿದೆವು. ನಗಬೇಡಿ.
ಎಪ್ಪತ್ತು ದಾಟಿದ ಹೆಂಗಸೊಬ್ಬಳು ಜೀವಮಾನದಲ್ಲಿ ಮೊದಲ ಸಲ
‘ನನ್ನದೊಂದು ಅಭಿಪ್ರಾಯ’ ಎಂದು ಶುರುಮಾಡಿದ್ದನ್ನು
ನೀವು ಕೇಳಿಲ್ಲ.

ಸೆಪ್ಟೆಂಬರಿನ ಆ ಭಾನುವಾರ ದೇಶ ಬೇಡ ಅಂದಿತು.
ದೇಶವೆಂದರೆ ಬೇರೆ ಯಾರೋ ಅಲ್ಲ:
ಮೂರನೇ ಮನೆಯವರು, ಬ್ರೆಡ್ಡಿನಂಗಡಿಯವ,
ನನ್ನ ಒಡಹುಟ್ಟಿದ ತಂಗಿ.
ಓದಿದೆಯಾ? ಕೇಳಿದೆ.
ಓದಿದೆ, ನಿನಗಿಂತ ನಿಧಾನವಾಗಿ, ಎಂದಳು
ಈರುಳ್ಳಿ ಹೆಚ್ಚುತ್ತ, ತಲೆಯೆತ್ತದೆ.
ಅವಳ ಕಣ್ಣಲ್ಲಿ ನೀರಿತ್ತು. ಈರುಳ್ಳಿಯದೇ ಇರಬೇಕು.
ಆ ರಾತ್ರಿ ಯಾರೂ ಪಾತ್ರೆ ಬಡಿಯಲಿಲ್ಲ.

ಗುರುವಾರ ಬಂತು. ಗುರುವಾರ ನಮ್ಮ ಸಭೆ.
ಕಂಕುಳಲ್ಲಿ ದಫ್ತರ; ಹೋಗಲೋ ಬೇಡವೋ ಎಂಬ ಕಾಲು.
ಹನ್ನೊಂದು ಜನ.
ಒಂದು ಕಾಲಕ್ಕೆ ಮೆಟ್ಟಿಲೇ ಸಾಲುತ್ತಿರಲಿಲ್ಲ.
ವಿಷಯ: ನೂರಾ ನಾಲ್ಕನೇ ಮೆಟ್ಟಿಲ ದೀಪ ಕೆಟ್ಟಿದೆ.
ಎಡದವರು ಬಂದಿದ್ದರು, ಬಲದವರು ಬಂದಿದ್ದರು,
ಎಡವಿದವರೂ:
ಬ್ರೆಡ್ಡಿನವನ ಅವ್ವ, ಮಣಿಕಟ್ಟಿಗೆ ಬಿಳಿಯ ಪಟ್ಟಿ.

ನಗರಸಭೆಗೆ ಬರೆಯೋಣ ಎಂದರು ಆರು ಜನ.
ನಾವೇ ಏಣಿ ತರೋಣ ಎಂದಳು ಯಾನಾರಾ.
ಏಣಿ ಯಾರದು ಎಂದು ಅರ್ಧ ಗಂಟೆ ಹೋಯಿತು.

ಕಡೆಯಲ್ಲಿ ಕೂತಿದ್ದಳು ತಂಗಿ.
ಸೌಟು ಅವಳಿಗೆ ಬರುವ ಹೊತ್ತಿಗೆ ದಾರ ಸಡಿಲವಾಗಿತ್ತು.
ಹಲ್ಲಿನಲ್ಲಿ ಕಚ್ಚಿ ಎಳೆದು
ಗಂಟು ಬಿಗಿದಳು ಮೊದಲು.
ಆಮೇಲೆ, ನಾನು ಒಪ್ಪುವುದಿಲ್ಲ, ಎಂದಳು.

ಬರೆದುಕೊಂಡೆ.