ಎರಡು ಬೆರಳು ಮೇಲೆ

ಹೋಪ್ನ್ ಊರಿನ ಮೀನು ಕಾರ್ಖಾನೆಯ ಬೆನ್ನಿಗೆ
ನಮ್ಮ ಶೆಡ್ಡು. ಜನವರಿ. ನಾಲ್ಕಕ್ಕೆಲ್ಲ ದೀಪ.
ಗೋಡೆಗೆ ಒರಗಿ ನಿಂತಿವೆ ನಾಲ್ಕು ಹೊಸ ಟೈರು,
ನನ್ನ ಸೊಂಟ ಮೀರಿದ ಎತ್ತರ,
ಹೇಳದೆ ಬಂದ ನೆಂಟರ ಹಾಗೆ.
ಎಲ್ಲಿ ಕೂರಿಸುವುದೋ ತಿಳಿಯದೆ ನಾವು.

ಜೀಪು ಪಾದ್ರಿಯದಾಗಿತ್ತು, ಹತ್ತೊಂಬತ್ತು ವರ್ಷ.
ಹೋದ ಬೇಸಿಗೆ ರಕ್ಷಣಾ ತಂಡಕ್ಕೆಂದು ಕೊಂಡೆವು.
ಶನಿವಾರ ಶನಿವಾರ ಮೇಣ ತಿಕ್ಕಿ
ಭಾನುವಾರದ ಪ್ರಾರ್ಥನೆಗೆ ಅದನ್ನೂ ಸಿದ್ಧ ಮಾಡುತ್ತಿದ್ದರಂತೆ.
ಗೀರಿಲ್ಲ, ತಗ್ಗಿಲ್ಲ. ಕಡುನೀಲಿಯಲ್ಲಿ ನನ್ನ ಮುಖ
ಕಿವಿಯಿಂದ ಕಿವಿಗೆ ಅಗಲವಾಗಿ ಕಾಣುತ್ತದೆ.
ನನ್ನ ಕೈಯಲ್ಲಿ ಗ್ರೈಂಡರು.

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಸರಿ.
ಆದರೆ ಹಿಮನದಿಯ ಮೇಲೆ ಕಾಲು ಚಿಕ್ಕದಾದರೆ
ಹಾಸಿಗೆಯೇ ಹೊದಿಕೆಯಾಗಿಬಿಡುತ್ತದೆ.
ಅದಕ್ಕೇ ಕೊಯ್ಯುವುದು.

ಸ್ಪ್ರಿಂಗು ಬಿಚ್ಚಿ, ಚಕ್ರವನ್ನು ಜಾಕಿನಿಂದ ಮೇಲೊತ್ತಿ
ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರೆ
ಕೋಲ್ಬೇನ್ ಕೆಳಗಿನಿಂದ ಕೂಗುತ್ತಾನೆ: ತಾಗಿತು. ತಾಗಿತು. ಇಲ್ಲೂ.
ಟೈರಿನ ಹಲ್ಲಿಗೆ ಸೀಮೆಸುಣ್ಣ ಬಳಿದಿದ್ದೇವೆ,
ಬಿಳಿ ಅಂಟಿದಲ್ಲೆಲ್ಲ ತಗಾದೆ.
ಮಡ್‌ಗಾರ್ಡಿನ ಮೇಲೆ ಕಾಗದದ ಟೇಪು ಒತ್ತಿ ಗೆರೆ ಎಳೆದೆ,
ಅಳಿಸಿದೆ, ಎಳೆದೆ. ಒಂದು ಸಿಗರೇಟು. ಮತ್ತೆ ಎಳೆದೆ.
ತಗಡು ಉಗುರಲ್ಲ, ಕೊಯ್ದರೆ ಬೆಳೆಯುವುದಿಲ್ಲ.

ಬಾಗಿಲು ತಳ್ಳಿಕೊಂಡು ಗಾಳಿ ಬಂತು, ಗಾಳಿಯ ಹಿಂದೆ
ಪಾದ್ರಿ ಆರ್ನ್‌ಗ್ರಿಮುರ್. ನಿವೃತ್ತಿಯಾಗಿ ಎರಡು ವರ್ಷ.
ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಒಣಮೀನಿನ ಪೊಟ್ಟಣ.
ಟೋಪಿ ತೆಗೆಯದೆಯೇ ಜೀಪಿನ ಮುಂದೆ ಬಗ್ಗಿದರು,
ನನ್ನ ಗೆರೆಯನ್ನು ಹೆಬ್ಬೆರಳಲ್ಲಿ ಸವರಿದರು.
ಕೋಲ್ಬೇನ್ ರೇಡಿಯೋ ನಿಲ್ಲಿಸಿದ.
ನಾನು ಏನೋ ಹೇಳಹೊರಟೆ, ಕ್ಷಮೆಯಂಥದ್ದು.

ಅವರು ಮಾರ್ಕರ್ ಕೇಳಿದರು.
ಎರಡು ಬೆರಳು ಅಡ್ಡ ಇಟ್ಟು ಅದರ ಮೇಲೆ
ಇನ್ನೊಂದು ಗೆರೆ. ಕೈ ನಡುಗಿ ಸೊಟ್ಟಗಾಯಿತು.
"ತುಂಬಿದ ಬಂಡಿ ತಿರುವಿನಲ್ಲಿ ಕುಸಿಯುತ್ತದೆ, ಸ್ಟೈನ್‌ವೋರ್.
ನಿನ್ನದು ಖಾಲಿ ಬಂಡಿಯ ಲೆಕ್ಕ."

ಆಮೇಲೆ ಮೀನು ಸಿಗಿಯುತ್ತ, ಯಾರಿಗೂ ಅಲ್ಲದ ಹಾಗೆ:
ಒಂದು ವರ್ಷ ಕಣಿವೆಯ ಕೊನೆಯ ಮನೆಯಿಂದ ಫೋನು.
ಕೂಸು ಉಳಿಯಲಾರದು, ಹೆಸರಿಲ್ಲದೆ ಹೋಗಬಾರದು ಅಂತ.
ಮನೆಯ ದೀಪ ಕಾಣುತ್ತಿತ್ತು. ಮೂರು ಕಿಲೋಮೀಟರು.
ಹೊಟ್ಟೆಮಟ್ಟ ಹಿಮದಲ್ಲಿ ಹೂತು ಕೂತಿತು ಬಂಡಿ.
ಟೈರಿನ ಗಾಳಿ ಇಳಿಸಿದೆ, ಅಗೆದೆ, ಪ್ರಾರ್ಥಿಸಿದೆ.
ಟೈರು ಚಿಕ್ಕದು.
ಬೆಳಗ್ಗೆ ಟ್ರ್ಯಾಕ್ಟರು ಬಂತು.
"ಆ ಶನಿವಾರವೂ ಮೇಣ ತಿಕ್ಕಿದೆ," ಅಂದರು,
"ಕೈಗೆ ಬೇರೇನು ಕೊಡಲಿ?"

ಕೊಯ್ದೆ.
ಕಿಡಿ ಅವರ ಕೋಟಿಗೆ ಹಾರಿತು, ಅವರು ಸರಿಯಲಿಲ್ಲ.
ತಗಡಿನ ಮಡಿಕೆಯೊಳಗಿಂದ ಸುರಿಯಿತು ಬೂದಿ,
ಯಾವತ್ತೋ ಬೆಟ್ಟ ಉಗುಳಿದ್ದು, ಕಪ್ಪು, ನುಣುಪು,
ಅಷ್ಟು ವರ್ಷ ತೊಳೆದರೂ ಒಳಗೇ ಕೂತಿದ್ದದ್ದು.
ಒಂದು ಬೊಗಸೆಯಷ್ಟು.
ಅರ್ಧಚಂದ್ರದ ತುಂಡು ನೆಲಕ್ಕೆ ಬಿದ್ದು
ತೊಟ್ಟಿಲಿನ ಹಾಗೆ ಸ್ವಲ್ಪ ಹೊತ್ತು ತೂಗಿತು.
ಯಾರೂ ಅದರತ್ತ ನೋಡಲಿಲ್ಲ.

ಉಳಿದ ಮೂರು ಮೂಲೆ, ಒಳತಗಡನ್ನು ಸುತ್ತಿಗೆಯಿಂದ ಮಡಚುವುದು,
ಅಂಚಿಗೆ ಅರ, ಅರದ ಗಾಯಕ್ಕೆ ಸತುವಿನ ಬಣ್ಣ,
ಬಣ್ಣದ ಮೇಲೆ ರಬ್ಬರು ಪಟ್ಟಿ.
ಮುಗಿದಾಗ ಎರಡನೆಯ ರಾತ್ರಿ.

ಪಾದ್ರಿಯನ್ನು, ಕೋಲ್ಬೇನನ್ನು, ಕಾರ್ಖಾನೆಯ ಆರು ಮೂಟೆ ಉಪ್ಪನ್ನು
ಹಿಂದೆ ಹೇರಿಕೊಂಡು ಅಂಗಳದ ದಿಣ್ಣೆಗೆ
ಒಂದು ಚಕ್ರ ಹತ್ತಿಸಿ ನಿಲ್ಲಿಸಿದೆ.
ಎಡಕ್ಕೆ ಪೂರ್ತಿ. ಬಲಕ್ಕೆ ಪೂರ್ತಿ.
ಮೂವರೂ ಉಸಿರು ಹಿಡಿದೆವು.
ಹಿಮದ ಗುರುಗುಟ್ಟು, ಕಾರ್ಖಾನೆಯ ಪಂಪು, ಯಾರದೋ ನಾಯಿ.
ತಾಗಲಿಲ್ಲ.

"ಶನಿವಾರ ಬರುತ್ತೇನೆ," ಮೂಟೆಗಳ ನಡುವಿನಿಂದ ದನಿ,
"ಉಳಿದದ್ದಕ್ಕೆ ಮೇಣ ತಿಕ್ಕಬೇಕಲ್ಲ."