ಒಂಬತ್ತಾದ ಮೇಲೆ ಹದಿಮೂರು

ನಕಾಶೆ ಮಡಚಿ ಒಳಗಿಡಿ ಅಂದಳು ಗುಡ್ರುನ್,
ಇಪ್ಪತ್ತಾರು ವರ್ಷ ಈ ಓಣಿಗಳಲ್ಲಿ ಟಪಾಲು ಹಂಚಿದವಳು.
ಈಗ ನಿವೃತ್ತಿ. ಕಾಲುಗಳಿಗೆ ಮಾತ್ರ
ಆದೇಶ ಇನ್ನೂ ತಲುಪಿಲ್ಲ.

ಬೆಳಿಗ್ಗೆ ಎಂಟು. ರಾತ್ರಿಯ ಮಳೆ
ಹಾಸುಗಲ್ಲಿನ ಸಂದಿಯಲ್ಲಿ ಕೂತಿದೆ.
ಎಮ್ಮೆಯ ಬೆನ್ನಿನಂಥ ಕಲ್ಲು; ನನ್ನ ಹೊಸ ಶೂ
ಎರಡು ಸಲ ಜಾರಿತು. ಅವಳು ನಗಲಿಲ್ಲ.
ಹಿಮ್ಮಡಿ ಊರಬೇಡಿ, ಬೆರಳಲ್ಲಿ ಕೇಳಿ ನಡೀರಿ, ಅಂದಳು.

ಅಡ್ಡಕ್ಕೂ ಓರೆಗೂ ಮರದ ತೊಲೆ, ನಡುವೆ ಮಣ್ಣು ಮೆತ್ತಿದ ಗೋಡೆ.
ಮೇಲಂತಸ್ತು ಕೆಳಗಿನದಕ್ಕಿಂತ ಒಂದು ಮೊಳ ಮುಂದೆ.
ಎದುರುಬದುರು ಮನೆಗಳು ಹಣೆಗೆ ಹಣೆ ತಂದು
ನಾನೂರು ವರ್ಷದಿಂದ ಅದೇ ಚಾಡಿ ಹೇಳುತ್ತಿವೆ.
ಬಾಗಿಲ ಮೇಲೆ ಕೊರೆದಿದ್ದಾರೆ: ಕಟ್ಟಿಸಿದವನ ಹೆಸರು,
ಅವನ ಹೆಂಡತಿಯದು, ಇಸವಿ, ದೇವರಿಗೊಂದು ಸಾಲು.
ನಾನು ಕತ್ತೆತ್ತಿ ಅದನ್ನು ಓದಿದರೆ
ಅವಳು ಓದುವುದೆಲ್ಲ ಸೊಂಟದೆತ್ತರದಲ್ಲಿ,
ಕಾಗದ ನುಂಗುವ ಹಿತ್ತಾಳೆಯ ಬಾಯಿಗಳನ್ನು.
ಇದು ಬೆರಳು ಕಚ್ಚುತ್ತೆ. ಇದರ ಹಿಂದೆ ನಾಯಿ;
ಸತ್ತು ಆರು ವರ್ಷವಾದರೂ ಕೈ ಬೇಗ ಎಳೀತೀನಿ.
ಇದು ಫ್ರಾವ್ ತೀಲೆಯದು, ಪರದೆ ಎರಡು ಬೆರಳು ಸರಿಸಿ
ಕರೆಂಟು ಬಿಲ್ಲಿಗೂ ಕಾಯುತ್ತಿದ್ದಳು.

ಚೌಕದಲ್ಲಿ ಸಂತೆ. ಕೆಂಪು ಮೂಲಂಗಿ, ಜೇನು,
ಮಣ್ಣು ಕೊಡವಿದ ಬಿಳಿ ಆಸ್ಪರಾಗಸ್ ಕಟ್ಟು.
ಚರ್ಚಿನ ಗಡಿಯಾರ ಹನ್ನೊಂದು ಹೊಡೆದ ಎರಡು ನಿಮಿಷಕ್ಕೆ
ಪುರಸಭೆಯದು ಹೊಡೆಯಿತು.
ಯಾವುದು ಸರಿ? ಕೇಳಿದೆ.
ಪುರಸಭೆಯವರನ್ನು ಕೇಳಿದರೆ ಪುರಸಭೆಯದು.
ಕ್ಷೌರದಂಗಡಿಯಿಂದ ಸೆರ್ಹಾತ್ ಕತ್ತರಿಯನ್ನೇ ಎತ್ತಿ ಕೂಗಿದ:
ನನಗೇನಾದರೂ ಬಂದಿದೆಯಾ?
ಅವಳ ಕೈ ಚೀಲವಿಲ್ಲದ ಹೆಗಲನ್ನು ಒಮ್ಮೆ ತಡವಿ ಇಳಿಯಿತು.

ಹೊಳೆಯ ಕಟ್ಟೆಯ ಮೇಲೆ ಬ್ರೆಡ್ಡು, ಉಪ್ಪಿನ ಸೌತೆ.
ಆಮೇಲೆ ಚಮ್ಮಾರರ ಓಣಿ. ಐದು, ಏಳು, ಒಂಬತ್ತು;
ಒಂಬತ್ತಾದ ಮೇಲೆ ಹದಿಮೂರು.
ನಡುವೆ ಒಂದು ಮರ, ನಾಲ್ಕು ಕಾರು ನಿಲ್ಲುವ ಜಾಗ.
ಯುದ್ಧ ಮುಗಿಯಲು ತಿಂಗಳಷ್ಟೇ ಇತ್ತಂತೆ,
ನಾನಿನ್ನೂ ಹುಟ್ಟಿರಲಿಲ್ಲ, ಅಂದಳು.
ಒಂದು ಸಲ ಕಾಗದ ಬಂತು, ಹನ್ನೊಂದನೇ ನಂಬರಿಗೆ.
ತೆಳ್ಳನೆ ನೀಲಿ ಲಕೋಟೆ, ನಡುಗುವ ಕೈಬರಹ, ದೂರದ ಸ್ಟಾಂಪು.
ಏನು ಮಾಡಿದಿರಿ?
ಇಂಥ ವಿಳಾಸ ಇಲ್ಲ ಅಂತ ಮುದ್ರೆ ಒತ್ತಿ
ವಾಪಸು ಕಳಿಸಬೇಕು. ನಿಯಮ. ಕಳಿಸಿದೆ.
ನಾಲ್ಕು ಹೆಜ್ಜೆ ಆದಮೇಲೆ, ನನ್ನ ಕಡೆ ನೋಡದೆ:
ಒಂದು ದಿನ ತಡವಾಗಿ.
ಎಲ್ಲಿಟ್ಟಿದ್ದಳು ಆ ಒಂದು ರಾತ್ರಿ,
ಕೇಳಬೇಕೆನಿಸಿತು, ಕೇಳಲಿಲ್ಲ.

ಅವಳನ್ನು ಬಸ್ಸು ಹತ್ತಿಸಿ, ಬೊಬ್ಬೆಯೆದ್ದ ಕಾಲಲ್ಲಿ
ಒಬ್ಬನೇ ಅದೇ ಓಣಿಗೆ ಬಂದೆ. ಬೆಳಕು ಇನ್ನೂ ಇತ್ತು.
ಯಾರೋ ಬಿಳಿ ಕಾರನ್ನು ಮೆಲ್ಲಗೆ ಹಿಂದಕ್ಕೆ ತಂದು,
ಹಿಂದೆ ಅಡುಗೆಮನೆ ಇದ್ದಿರಬಹುದಾದಲ್ಲಿ ನಿಲ್ಲಿಸಿ,
ತರಕಾರಿ ಚೀಲ ಇಳಿಸಿಕೊಂಡು
ಹಿಂದಿರುಗಿ ನೋಡಿ ಬೀಗ ಹಾಕಿದ.
ಪೀಂ ಅಂತು.